ಸ್ಟಾಲಿನ್ನನಿಗೆ ನಿದ್ದೆಯಿಲ್ಲ

ತಮ್ಮ ಹೆಸರು ಬಲ್ಲವರು ಒಬ್ಬರು ಬದುಕಿದ್ದರೂ ಸತ್ತವರಿಗೆ ನಿದ್ದೆ ಹತ್ತುವುದಿಲ್ಲ ಎಂದು ತಿಳಿದ ಮೇಲೆ, ಜನ ತಮ್ಮವರನ್ನು ಪ್ರೀತಿಯಿಂದ ಮರೆಯತೊಡಗಿದರು. ರಷ್ಯಾದ ಮಗದಾನ್ ಊರಿನಲ್ಲೂ ತಿಥಿಯೂಟ ಮುಗಿಯುತ್ತಲೇ ಮನೆಮಂದಿಯೆಲ್ಲ ಮರೆವಿನ ಕಷಾಯ ಕುಡಿದು, ಸತ್ತವರ ಹೆಸರನ್ನು ನೆಮ್ಮದಿಯಾಗಿ ಕಳೆದುಕೊಳ್ಳುತ್ತಿದ್ದರು.

ಗಲೀನಾ ಅಜ್ಜಿ ಮಾತ್ರ ಪ್ರತಿ ಭಾನುವಾರ ಬೀದಿಯ ಹುಡುಗಿಯರನ್ನು ಕೂರಿಸಿಕೊಂಡು, ಚಹಾ ಕೊಟ್ಟು, ಸ್ಟಾಲಿನ್ನನ ಪಾಠ ಹೇಳುತ್ತಿದ್ದಳು.

"ಪರೀಕ್ಷೆಗಂತೂ ಬರಲ್ಲ. ಪಾಪ, ಮುದುಕ ಮಲಗಲಿ ಬಿಡಜ್ಜಿ," ಎಂದಳು ಮೊಮ್ಮಗಳು ಜೋಯಾ.

"ಮಲಗೋದಾ? ನಾನು ಕಣ್ಣು ಮುಚ್ಚಿದ ಮೇಲೆ ಅವನು ಗೊರಕೆ ಹೊಡೀಬೇಕಾ? ಕಲೀರೇ, ನಾಳೆ ನಿಮ್ಮ ಮಕ್ಕಳಿಗೂ ಕಲಿಸಿ."

"ಅಂಥವನು ಇನ್ನೊಬ್ಬ ಹುಟ್ಟಬಾರದು ಅಂತಾನಾ?"

"ಅದು ಭಾಷಣ ಮಾಡೋರ ಮಾತು. ನನಗೆ ಅವನ ನಿದ್ದೆ ಕೆಟ್ಟರೆ ಸಾಕು."

"ನಿನಗೇನು ಮಾಡಿದ್ದ ಅವನು?"

"ನಮ್ಮಜ್ಜನನ್ನು ಹಾಸಿಗೆಯಿಂದ ಎಬ್ಬಿಸಿ ಸೆರೆ ಶಿಬಿರಕ್ಕೆ ಎಳೆದುಕೊಂಡು ಹೋದರು ಅವನ ಕಡೆಯವರು. ಆಮೇಲೆ ಹೆಣವೂ ಬರಲಿಲ್ಲ."

"ನಿನ್ನ ಅಜ್ಜನ ಹೆಸರೇನಜ್ಜಿ?"

ಗಲೀನಾ ತುಟಿಯ ಮೇಲೆ ಬೆರಳಿಟ್ಟಳು. "ಶ್! ನನಗೂ ಗೊತ್ತಿಲ್ಲ. ಮಲಗಿದ್ದಾನೆ ಪುಣ್ಯಾತ್ಮ."

ಆಮೇಲೆ ಸೆರಗಿನಂತೆ ಹೊದ್ದ ಶಾಲು ಸರಿಪಡಿಸಿಕೊಂಡು ಹುಡುಗಿಯರತ್ತ ತಿರುಗಿದಳು.

"ಹೂಂ, ಈಗ ಎಲ್ಲರೂ ಆ ಇನ್ನೊಬ್ಬನ ಹೆಸರು ಹೇಳಿ. ಗಟ್ಟಿಯಾಗಿ!"