ಕಾಲಾಳಿನ ಅಂಗಿ

ಅಂತರ್ಯುದ್ಧ ಮುಗಿಯುತ್ತ ಬಂದಿತ್ತು. ಗೆದ್ದ ಪಕ್ಷದವರು, ಹಳ್ಳಿಗಳನ್ನು ಸುಟ್ಟ ರಾವುತರನ್ನು ಜೀವಸಹಿತ ಬಿಡುವುದಿಲ್ಲ ಎಂಬ ಸುದ್ದಿ ಕೇಳಿ, ರಾವುತನೊಬ್ಬ ತನ್ನ ಕುದುರೆಯನ್ನು ಕಾಡಿಗೆ ಅಟ್ಟಿ, ಸತ್ತ ಕಾಲಾಳಿನ ಅಂಗಿ ತೊಟ್ಟು ಶರಣಾದ.

"ಕುದುರೆ ಸವಾರಿ ಬರ್ತದೇನೋ?" ಎಂದ ಗೆದ್ದವರ ದಳಪತಿ.

"ಕತ್ತೆ ಕೂಡ ಹತ್ತಿಲ್ಲ, ಬುದ್ಧಿ."

"ಹತ್ತು, ನೋಡೋಣ."

ಹದಿನೆಂಟು ವರ್ಷ ಜೀನಿನ ಮೇಲೆ ಕಳೆದವನಿಗೆ ಬೀಳುವುದು ಸುಲಭವಲ್ಲ. ಆದರೂ ಮೂರು ಸಲ ಬಿದ್ದ. ಮೂರನೆಯ ಸಲ ಹಲ್ಲೊಂದು ಮುರಿಯಿತು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬದುಕಿದೆ ಎಂದುಕೊಂಡು ಅವನೂ ನಕ್ಕ.

ದಳಪತಿ ನಗಲಿಲ್ಲ. "ಥೂ, ಇವನೂ ಕಾಲಾಳೇ. ರಾವುತ ಆಗಿದ್ರೆ ನಮ್ಮ ದಂಡಿಗೆ ಸೇರಿಸ್ಕೋಬಹುದಿತ್ತು," ಎಂದು ಕಾವಲಿನವರತ್ತ ತಿರುಗಿದ. "ಮಿಕ್ಕ ಕಾಲಾಳುಗಳ ಜೊತೆ ಇವನನ್ನೂ ನೇಣಿಗೆ ಹಾಕ್ರೋ."