ಹಸಿರು ಪೊಟ್ಟಣದ ಸರದಿ

"ಹೊಸ ವಿಳಾಸ ಬರೆಯೋಕೆ ನಾನೇ ಮರೆತಿರ್ಬೇಕು ಅಕ್ಕಾ," ಎಂದು ಪೈಶಾನ್ ಕಣ್ಣೀರಾದಳು. ತೈಪೆಯ ಒಂಟಿ ವೃದ್ಧರಿಗೆ ಊಟ ಕಳಿಸುವ ಆ್ಯಪ್ ಅವಳೂ ಶ್ಯೂಚಿನ್‌ಳೂ ಸೇರಿ ನಡೆಸುತ್ತಿದ್ದುದು. ಮನೆ ಬದಲಿಸಿದ್ದ ಕುವೊ ಅಜ್ಜನ ಊಟ ಹಳೇ ಮನೆಗೇ ಹೋಗಿ, ಅಜ್ಜ ಮಧ್ಯಾಹ್ನವೆಲ್ಲ ಹಸಿದು ಕೂತಿದ್ದರು.

ಹಿರಿಯಳಾದ ಶ್ಯೂಚಿನ್ ತಡೆದಳು. "ನೀನು ಬರೆದಿದ್ದೆ ಕಣೇ. ಅದೇ ಹೊತ್ತಿಗೆ ನಾನು ಅಜ್ಜನ ವಿವರದ ಹಳೇ ಪ್ರತಿ ತೆರೆದು ಅವರ ಫೋನ್ ನಂಬರ್ ತಿದ್ತಿದ್ದೆ. ಆಮೇಲೆ ಸೇವ್ ಮಾಡಿದವಳು ನಾನು. ಹಳೇ ವಿಳಾಸಾನೇ ಉಳಿಸಿ ನಿನ್ನದನ್ನ ನುಂಗಿಹಾಕ್ದೆ."

ಸರ್ವರ್ ಹಠ ಮಾಡದಿರಲೆಂದು ಅಲ್ಲಿನವರ ನಂಬಿಕೆಯಂತೆ ಅದರ ನೆತ್ತಿಯ ಮೇಲಿಟ್ಟಿದ್ದ ಹಸಿರು ತಿಂಡಿ ಪೊಟ್ಟಣವನ್ನು ಎತ್ತಿ ಪೈಶಾನ್‌ಳ ಮಡಿಲಿಗೆ ಹಾಕಿದಳು. "ಇಬ್ಬರೂ ಒಟ್ಟಿಗೆ ತಿದ್ದೋಕಾಗದ ಹಾಗೆ ಆ್ಯಪ್‌ನಲ್ಲೇ ಬೀಗ ಹಾಕೋವರೆಗೂ ಇದು ಯಾರ ಹತ್ರ ಇರುತ್ತೋ ಅವರೊಬ್ಬರೇ ತಿದ್ಬೇಕು. ತಿಂದುಗಿಂದು ಬಿಟ್ಟೀಯ, ಹುಷಾರು!"

ಪೈಶಾನ್ ಕಣ್ಣೊರೆಸಿಕೊಂಡು ವಿಳಾಸ ಬರೆಯತೊಡಗಿದಳು. ಶ್ಯೂಚಿನ್ ಅಭ್ಯಾಸಬಲದಿಂದ ತನ್ನ ಕೀಲಿಮಣೆಗೆ ಚಾಚಿದ ಕೈಯನ್ನು ತಟ್ಟನೆ ಹಿಂದೆಗೆದು, ಖಾಲಿ ಅಂಗೈ ಒಡ್ಡಿ ನಿಂತಳು. "ನಿಂದಾದ ಮೇಲೆ ಕೊಡೇ. ಕಾಯ್ತೀನಿ."