ದೀಪದ ಬಂಡೆ

ಎಣ್ಣೆಯ ಗಿಂಡಿ ಕೈಜಾರಿ ಬಂಡೆಗೆ ಬಡಿಯುತ್ತಾ ಕೆಳಗೆ ಉರುಳಿತು. ಅದರ ಹಿಂದೆಯೇ ಗಿಡ್ಡಪ್ಪನೂ ಜಾರಿದ. ಒಂದು ಬಿರುಕಿಗೆ ಕಾಲು ಸಿಕ್ಕಿ ಹೇಗೋ ನಿಂತ. ಮೊಣಕಾಲು ಮಡಚಲಿಲ್ಲ. ಹೊತ್ತು ಮುಳುಗಿತ್ತು. ತಲೆಯ ಮೇಲೆ, ಬಂಡೆಯ ತುದಿಯ ಕಲ್ಲಿನ ಗೂಡಿನಲ್ಲಿ, ದೀಪ ಹಚ್ಚದೆ ಉಳಿದಿತ್ತು.

ಹೊಳೆಯ ನಡುವೆ ಹರಿಗೋಲು ಆಗಲೇ ಇತ್ತು.

ಕೂಗಬೇಕೆನಿಸಿತು. ಕೂಗುವಂತಿರಲಿಲ್ಲ. ಹೊಳೆಯಲ್ಲಿ ಮುಳುಗು ಹಾಕಿ ಎದ್ದ ಮೇಲೆ ದೀಪ ಹಚ್ಚುವ ತನಕ ದೀಪದವನು ಬಾಯಿ ಬಿಡಬಾರದು. ಅಜ್ಜನ ಕಾಲದಿಂದ ನಡೆದು ಬಂದ ಮಡಿ ಅದು. ನಡುವೆ ಮಾತಾಡಿದರೆ ನೀರಿನ ಮೇಲಿರುವ ಹರಿಗೋಲನ್ನು ಹೊಳೆ ಬಲಿ ಕೇಳುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಗಿಡ್ಡಪ್ಪ ಹಲ್ಲು ಕಚ್ಚಿ, ಕುಂಡೆಯ ಮೇಲೆ ಜರುಗುತ್ತಾ ದಡದ ಕಡೆ ಇಳಿಯತೊಡಗಿದ.

ಇವತ್ತೇ ಹೀಗಾಗಬೇಕಿತ್ತು.

ಸಾಣಾಪುರದ ಕೆಳಗೆ ಹೊಳೆ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತದೆ. ಆಚೆ ದಡ ಇಂಗ್ರೇಜಿ ಸೀಮೆ, ಈಚೆ ದಡ ನಿಜಾಮರದು. ಹಿಂದೆ ಯಾವಾಗಲೋ ಒಂದು ಮದುವೆಯ ದಿಬ್ಬಣ ಸಂಜೆಗತ್ತಲಲ್ಲಿ ಬಂಡೆಗೆ ಬಡಿದು ಮುಳುಗಿತಂತೆ. ಆಮೇಲೆ ಊರವರು ಈ ದೀಪ ಇಟ್ಟು, ಹಚ್ಚುವ ಮನೆತನಕ್ಕೆ ಒಂದು ತುಂಡು ಗದ್ದೆ ಬಿಟ್ಟರು. ನೀರಿನ ಮೇಲೆ ದೀಪದ ಬೆಳಕು ಬೀಳುವುದು ಚೆಂದವೆಂದು ಸಾಹೇಬರೊಬ್ಬರು ಪಕ್ಕದ ದಿಬ್ಬದ ಮೇಲೆ ಬಂಗಲೆ ಕಟ್ಟಿಸಿದರು. ಬೇಸಿಗೆ ಬಂತೆಂದರೆ ರಾಯಚೂರು, ಹೈದರಾಬಾದುಗಳಿಂದ ಹವಾ ಬದಲಾವಣೆಗೆ ಮಂದಿ ಬರತೊಡಗಿದರು. ವರ್ಷ ಹೋದಂತೆ ಬಂಗಲೆ ದೊಡ್ಡದಾಯಿತು, ದೀಪ ಸಣ್ಣದಾಯಿತು.

ಮೂವತ್ತೆಂಟನೆಯ ಇಸವಿಯ ಈ ಬೇಸಿಗೆಯಲ್ಲಿ ಬಂಗಲೆಯ ಉಸ್ತುವಾರಿಗೆ ಹೊಸ ಸಾಹೇಬ ಬಂದಿದ್ದ. ಈ ದೀಪದಿಂದ ಯಾರಿಗೆ ಏನು ಉಪಯೋಗ ಎಂದು ಅವನು ಕೇಳಿದ್ದನ್ನು ಬಂಗಲೆಯ ಅಡಿಗೆ ನೋಡುವ ಖಾನಸಾಮ ದಾದೇಸಾಬ ಬೆಳಿಗ್ಗೆಯೇ ಬಂದು ಗಿಡ್ಡಪ್ಪನಿಗೆ ಮುಟ್ಟಿಸಿದ್ದ. ಸಾಹೇಬರು ಆಚೆ ದಡದ ಹಾಳು ಗುಡಿಗಳನ್ನು ನೋಡಿ, ಸಂಜೆ ಹರಿಗೋಲಿನಲ್ಲಿ ಮರಳುತ್ತಾರೆ. ಇಳಿದ ಕೂಡಲೇ ಅಂಬಿಗ ಹೊಳಿಯಪ್ಪನನ್ನೇ ಕೇಳುತ್ತಾರೆ. ಅವನು ಬೇಕೆಂದರೆ ಗದ್ದೆ ಉಳಿಯಿತು. ಬೇಡವೆಂದರೆ ಬಂಗಲೆಯ ತೋಟಕ್ಕೆ ಸೇರಿತು.

"ಎಲ್ಲಾ ಹೊಳಿಯಪ್ಪನ ಕೈಯಾಗ ಐತಿ ನೋಡಪಾ," ಎಂದಿದ್ದ ದಾದೇಸಾಬ. "ನೀ ನೋಡಿದರ ಅವನ ಜೋಡಿ ಮಾತು ಬಿಟ್ಟು ಕುಂತೀದಿ."

ಮಾತು ಬಿಟ್ಟದ್ದು ಸುಮ್ಮನೆ ಅಲ್ಲ. ಹೋದ ವರ್ಷ ಒಂದು ಸಂಜೆ ಬತ್ತಿ ಕರಕಾಗಿ, ಗೂಡಿನ ಗಾಜಿಗೆ ಮಸಿ ಹಿಡಿದು, ಬೆಳಕು ಸತ್ತಂತಾಗಿತ್ತು. ಗಿಡ್ಡಪ್ಪ ನಾಚಿಕೊಂಡು ಕೆಳಗೆ ಬಂದರೆ, ಹೊಳಿಯಪ್ಪ ಹರಿಗೋಲು ತುಂಬ ಮಂದಿಯ ಎದುರಿಗೇ, "ಇವತ್ತ ಭಾಳ ಛಲೋ ಉರದೈತಿ ಮಾವ, ಹಗಲಿನಂಗ ಕಾಣತಿತ್ತು," ಎಂದುಬಿಟ್ಟ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆ ಇನ್ನೂ ಗಿಡ್ಡಪ್ಪನ ಕಿವಿಯಲ್ಲಿತ್ತು.

ಹೊಳಿಯಪ್ಪನ ಸೊಕ್ಕು ಊರಿಗೇ ಗೊತ್ತಿದ್ದದ್ದು. ಮಾತಾಡುವಾಗ ಮುಖ ಕೊಡುವವನಲ್ಲ, ಎದುರಿನವರ ಹೆಗಲ ಆಚೆ ನೋಡುತ್ತಾ ಮಾತಾಡುತ್ತಾನೆ. ಅವನು ಹುಟ್ಟು ಹಾಕುವಾಗ ಯಾರೂ ಕೆಮ್ಮುವಂತಿಲ್ಲ. ಸುಗ್ಗಿಯ ಕಾಳು ಇಸಕೊಳ್ಳಲು ಊರ ಚಾಕರಿಯ ಬೇರೆ ಆಯಗಾರರು ಕಣಕ್ಕೆ ಬರುತ್ತಾರೆ. ಇವನಿಗೆ ಮಾತ್ರ ಊರವರೇ ದಡಕ್ಕೆ ತಂದು ಸುರಿಯಬೇಕು. ಹೆಂಡತಿ ಸತ್ತಾಗಿನಿಂದ ದಡ ಬಿಟ್ಟು ಕದಲಿದವನಲ್ಲ, ಬೋರಲು ಹಾಕಿದ ಹರಿಗೋಲಿನ ಕೆಳಗೇ ಮಲಗುತ್ತಾನೆ.

ಇಂಥವನ ಬಾಯಲ್ಲಿ ತನ್ನ ಗದ್ದೆ.

ಗಿಡ್ಡಪ್ಪ ದಡ ಮುಟ್ಟುವ ಹೊತ್ತಿಗೆ ಹರಿಗೋಲೂ ಬಂತು. ಯಾವ ಬಂಡೆಗೂ ತಾಗದೆ, ನೇರವಾಗಿ, ಹಾಸುಗಲ್ಲಿನ ಪಕ್ಕಕ್ಕೇ ಬಂದು ನಿಂತಿತು. ಅವನಿಗೆ ಸಮಾಧಾನವಾಯಿತು. ಬೆನ್ನಿಗೇ ಎದೆ ಕುಸಿಯಿತು. ದೀಪವಿಲ್ಲದೆಯೂ ಬರಬಹುದು ಎನ್ನುವುದಕ್ಕೆ ಇನ್ನು ಯಾವ ಸಾಕ್ಷಿ ಬೇಕು?

ಸಾಹೇಬ ಇಳಿದ. ಒಮ್ಮೆ ತಲೆಯೆತ್ತಿ ಕತ್ತಲ ಬಂಡೆಯನ್ನು ನೋಡಿದ. ನೀರಿನಂಚಿನಲ್ಲಿ ಒದ್ದೆ ಪಂಚೆಯಲ್ಲಿ ಕುಳಿತಿದ್ದ ಗಿಡ್ಡಪ್ಪನನ್ನೂ ನೋಡಿದ. ಕಂದೀಲು ಹಿಡಿದು ಓಡಿ ಬಂದ ದಾದೇಸಾಬನಿಗೆ ಮೆಲ್ಲಗೆ ಉರ್ದುವಿನಲ್ಲಿ ಒಂದು ಮಾತು ಹೇಳಿದ.

ದಾದೇಸಾಬನ ದನಿ ಸೋತಿತ್ತು. "ಸಾಹೇಬ್ರು ಕೇಳಾಕತ್ತಾರ, ಹೊಳಿಯಪ್ಪ. ಆ ದೀಪ ನಿನಗ ಬೇಕೋ, ಬ್ಯಾಡೋ?"

ಗಿಡ್ಡಪ್ಪ ತಲೆ ತಗ್ಗಿಸಿದ. ಹೆಂಡತಿ ಸಣ್ಣವ್ವ ಈ ಹೊತ್ತಿಗೂ ಆ ಗದ್ದೆಯ ಬದುವಿನಲ್ಲೇ ಇರುತ್ತಾಳೆ. ಮನೆಗೆ ಹೋಗಿ ಅವಳಿಗೆ ಹೇಗೆ ಹೇಳುವುದು ಎಂದು ಯೋಚಿಸಿದ. ಹೋದರೆ ಹೋಗಲಿ, ನಾಳೆಯಿಂದ ಈ ಬಂಡೆ ಏರುವುದಾದರೂ ತಪ್ಪಿತು ಎಂದು ಮೊಣಕಾಲು ಹೇಳಿತು.

ಹೊಳಿಯಪ್ಪ ಹಗ್ಗ ಕಟ್ಟುತ್ತಲೇ ಉತ್ತರ ಕೊಟ್ಟ. "ಬ್ಯಾಡಂದ್ರ ಹೆಂಗ್ರೀ? ಅದು ಇರಲಿಲ್ಲಂದ್ರ ಸಾಹೇಬ್ರು ಈಗ ನೀರಾಗ ಇರತಿದ್ರು. ಮಾವ ಒಂದಿನಾನೂ ತಪ್ಪಿಸಿದಾವಲ್ಲ."

ಗಿಡ್ಡಪ್ಪ ತಲೆಯೆತ್ತಿ ಅವನನ್ನು ನೋಡಿದ. ವರ್ಷದಿಂದ ತಾನು ಮಾತಾಡಿಸದವನು ತನಗಾಗಿ ಸಾಹೇಬನ ಎದುರಿಗೇ ಇಷ್ಟು ದೊಡ್ಡ ಸುಳ್ಳು ಹೇಳುತ್ತಿದ್ದಾನೆ. ಸುಳ್ಳು ಕಣ್ಣಿಗೆ ರಾಚುವಂತಿತ್ತು. ಸಾಹೇಬನ ಹುಬ್ಬು ಗಂಟಾಯಿತು. ದಾದೇಸಾಬ ಗಾಬರಿಯಿಂದ ಕಂದೀಲನ್ನು ಹೊಳಿಯಪ್ಪನ ಮುಖದ ಹತ್ತಿರಕ್ಕೆ ಎತ್ತಿ, ಸಾಕು ಮಾಡು ಎಂದು ಕಣ್ಣಿನಲ್ಲೇ ಸನ್ನೆ ಮಾಡಿದ. ಮತ್ತೊಮ್ಮೆ ಮಾಡಿದ.

"ಯಾಕ ಎಲ್ಲಾರೂ ಸುಮ್ಮನಾದ್ರಿ?" ಎಂದ ಹೊಳಿಯಪ್ಪ. ಕೈಯೆತ್ತಿ ಬಂಡೆಯ ತುದಿಗೆ ಸರಿಯಾಗಿ ಬೆರಳು ಮಾಡಿದ. "ನೀವ ನೋಡ್ರಿ ಬೇಕಾದ್ರ. ಹೆಂಗ ಉರಿಯಾಕತ್ತೈತಿ."

ಮೂಗಿನ ತುದಿಗೇ ಬಂದಿದ್ದ ಕಂದೀಲಿಗೆ ಅವನ ಕಣ್ಣು ಮಿಟುಕಲಿಲ್ಲ.